ಬಿಟ್ಟುಹೋಗುವ ವಸ್ತ್ರ, ಕಾಯುವ ಕೈ: ವಸ್ತ್ರದಾನದ ತಾಣಗಳ ಚರಿತ್ರೆಯತ್ತ ಒಂದು ನೋಟ

ಕಳೆದ ಹತ್ತು ವರ್ಷಗಳಿಂದೀಚೆಗೆ ನಮ್ಮ ನಾಡಿನ ನಗರ ಪಟ್ಟಣಗಳಲ್ಲಿ ದಾನದ ಹೊಸದೊಂದು ತಾಣ ಕಾಣಿಸಿಕೊಂಡಿದೆ. ರಸ್ತೆಯ ಬದಿಯ ಗೋಡೆಯೊಂದಕ್ಕೆ ಬಣ್ಣ ಬಳಿದು, ಕೊಕ್ಕೆಗಳನ್ನು ಹೊಡೆದು, ಒಂದೆರಡು ಕಪಾಟುಗಳನ್ನು ಇರಿಸುತ್ತಾರೆ. ತಮಗೆ ಹೆಚ್ಚಾದ ಉಡುಪನ್ನು ಜನರು ಅಲ್ಲಿ ಬಿಟ್ಟುಹೋಗುತ್ತಾರೆ. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗುತ್ತಾರೆ. ಕೊಡುವವನ ಹೆಸರನ್ನು ಬರೆದುಕೊಳ್ಳುವವರಿಲ್ಲ, ಪಡೆಯುವವನ ಅರ್ಹತೆಯನ್ನು ವಿಚಾರಿಸುವವರಿಲ್ಲ. 2015ರ ಚಳಿಗಾಲದಲ್ಲಿ ಇರಾನಿನ ಮಶ್ಹದ್ ನಗರದ ಇಂಥದೊಂದು ಗೋಡೆ ಪ್ರಸಿದ್ಧಿಗೆ ಬಂದಿತು. ಅಲ್ಲಿಂದ ಈ ಪದ್ಧತಿ ಪಾಕಿಸ್ತಾನ, ಚೀನಾ, ಭಾರತಗಳಿಗೆ ಬೇಗನೆ ಹರಡಿತು. ಹಿಂದಿ ಸೀಮೆಯಲ್ಲಿ ಅದನ್ನು ‘ನೇಕಿ ಕೀ ದೀವಾರ್’ ಎಂದರೆ ಕನ್ನಡದಲ್ಲಿ ‘ಕರುಣೆಯ ಗೋಡೆ’ ಎನ್ನುತ್ತಾರೆ. ನಮ್ಮ ಧರ್ಮಕೇಂದ್ರಗಳ ಬಾಗಿಲಲ್ಲಿ ಇಡುವ ಹಳೆಯ ಬಟ್ಟೆಗಳ ಪೆಟ್ಟಿಗೆಯೂ ಇದೇ ಕುಲಕ್ಕೆ ಸೇರಿದ್ದು.

ಈ ತಾಣಗಳನ್ನು ಹೊಗಳುವುದು ಸುಲಭ, ಹಳಿಯುವುದೂ ಸುಲಭ. ಕೊಡುವವನನ್ನು ಮರೆಮಾಡಿ ಪಡೆಯುವವನ ಮಾನವನ್ನು ಉಳಿಸುತ್ತದೆ ಎಂಬುದು ಹೊಗಳಿಕೆ. ಮನೆಯ ಕಸವನ್ನು ಪುಣ್ಯವೆಂದು ಹೆಸರಿಸಿ ಬೀದಿಗೆ ತರುತ್ತದೆ ಎಂಬುದು ಹಳಿಕೆ. ಧರ್ಮಸಭೆಯ ಚರಿತ್ರೆಯನ್ನು ತಿರುವಿ ನೋಡಿದರೆ ಈ ಎರಡು ಮಾತುಗಳೂ ಹೊಸವಲ್ಲ. ಬಟ್ಟೆಯನ್ನು ‘ಬಿಟ್ಟುಹೋಗುವ’ ತಾಣವನ್ನು ದೇವಜನರು ಬಹು ಹಿಂದೆಯೇ ಬಲ್ಲರು. ಅದು ಯಾವಾಗ ಕೃಪೆಯಾಗುತ್ತದೆ, ಯಾವಾಗ ಅವಮಾನವಾಗುತ್ತದೆ ಎಂಬುದನ್ನೂ ಬಲ್ಲರು. ಆ ಅರಿವನ್ನು ಗುರುಮಠದ ವಿದ್ಯಾರ್ಥಿಗಳ ಮತ್ತು ಪಾಲನಾ ಸೇವೆಯಲ್ಲಿರುವ ಗುರುಗಳ ಮುಂದೆ ಇಡುವುದು ಈ ಪ್ರಬಂಧದ ಉದ್ದೇಶ.

ನಮ್ಮ ವಿಚಾರದ ನೆಲೆ ಕೊಪ್ಪಳ ಸೀಮೆ. ಮಂಗಳೂರು ಎಂದೊಡನೆ ಓದುಗರಿಗೆ ಕಡಲ ತೀರದ ನಗರ ನೆನಪಾಗುವುದು ಸಹಜ. ಆದರೆ ಬಳ್ಳಾರಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುವ ಕೊಪ್ಪಳ ಜಿಲ್ಲೆಯ ಕುಕನೂರು–ಯಲಬುರ್ಗಾ ಸೀಮೆಯಲ್ಲಿಯೂ ಮಂಗಳೂರು ಎಂಬ ಊರಿದೆ. ಎರಡು ಊರುಗಳಿಗೆ ಹೆಸರಷ್ಟೇ ಸಮಾನವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೊಪ್ಪಳ, ಗದಗ, ಬಾಗಲಕೋಟೆ ಜಿಲ್ಲೆಗಳ ಕೂಲಿಕಾರರು ಕರಾವಳಿಯ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತಾರೆ. ಒಂದು ಮಂಗಳೂರಿನ ಪೆಟ್ಟಿಗೆಯಲ್ಲಿ ಬಿದ್ದ ಅಂಗಿ ಇನ್ನೊಂದು ಮಂಗಳೂರಿನ ಸೀಮೆಯವನ ಮೈಮೇಲೆ ಕಾಣಿಸಿಕೊಳ್ಳುವುದು ಅಸಂಭವವೇನಲ್ಲ. ಇನ್ನೂ ಒಂದು ಸಂಗತಿಯನ್ನು ಮರೆಯಬಾರದು: ಈ ಸೀಮೆ ಮಗ್ಗಗಳ ಸೀಮೆ. ಭಾಗ್ಯನಗರ, ಕಿನ್ನಾಳ, ಹನುಮಸಾಗರ, ದೋಟಿಹಾಳಗಳಲ್ಲಿ ನೇಕಾರರಿದ್ದಾರೆ. ಕುಷ್ಟಗಿಯ ಆಚೆಗೆ ಇಳಕಲ್ಲು ಇದೆ. ಬಟ್ಟೆ ನೇಯುವ ನಾಡಿನಲ್ಲಿ ಬಟ್ಟೆಗೆ ಕೈಯೊಡ್ಡುವವರೂ ಇದ್ದಾರೆ ಎಂಬ ಈ ವಿಪರ್ಯಾಸವೇ ನಮ್ಮನ್ನು ಚರಿತ್ರೆಯ ಕಡೆಗೆ ತಿರುಗಿಸುತ್ತದೆ.

1. ಹೊಲದ ಅಂಚು ಮತ್ತು ದೇವಾಲಯದ ಕೊಠಡಿ

ಯಾಜಕಕಾಂಡದ 19ನೆಯ ಅಧ್ಯಾಯ ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯಬಾರದೆಂದೂ ಬಿದ್ದ ತೆನೆಗಳನ್ನು ಆಯ್ದುಕೊಳ್ಳಬಾರದೆಂದೂ ವಿಧಿಸುತ್ತದೆ. ಅವು ಬಡವನಿಗೂ ಪರದೇಶಿಗೂ ಸೇರಿದವು. ಇಲ್ಲಿ ಬಳಸಿರುವ ಕ್ರಿಯಾಪದವನ್ನು ಗಮನಿಸಬೇಕು. ಒಡೆಯನು ‘ಕೊಡು’ ಎಂದು ಧರ್ಮಶಾಸ್ತ್ರ ಹೇಳುವುದಿಲ್ಲ, ‘ಬಿಟ್ಟುಬಿಡು’ ಎನ್ನುತ್ತದೆ. ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ಬಿಟ್ಟುದನ್ನು ತೆಗೆದುಕೊಳ್ಳುವವನಾದರೋ ತನ್ನ ಕೈಯಿಂದಲೇ ಕೊಯ್ಯುತ್ತಾನೆ. ಅದು ಅವನ ಹಕ್ಕಿನ ಪಾಲು.

ಹಾಗೆಂದು ಬಿಟ್ಟುಬಿಡುವುದೆಂದರೆ ಕೈತೊಳೆದುಕೊಳ್ಳುವುದಲ್ಲ. ಮಿಷ್ನಾದ ‘ಪೇಆ’ ಎಂಬ ಪ್ರಕರಣದಲ್ಲಿ ರಬ್ಬಿಗಳು ಈ ವಿಧಿಯನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಬಿಡುವ ಪಾಲು ಅರವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು. ಬಡವರು ಒಬ್ಬರನ್ನೊಬ್ಬರು ಗಾಯಗೊಳಿಸದಂತೆ ಕುಡುಗೋಲು ಗುದ್ದಲಿಗಳನ್ನು ಬಳಸಕೂಡದು. ದಿನಕ್ಕೆ ಮೂರು ಹೊತ್ತು ಅವರಿಗೆ ಹೊಲ ತೆರೆದಿರಬೇಕು. ಖರ್ಜೂರದ ಮರ ಮತ್ತು ಎತ್ತರದ ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿಯ ವಿಷಯದಲ್ಲಿ ಮಾತ್ರ ನಿಯಮ ಬೇರೆ. ಏರುವವರು ಬಿದ್ದಾರೆಂಬ ಕಾರಣದಿಂದ ಒಡೆಯನೇ ಹಣ್ಣನ್ನು ಕೆಳಗಿಳಿಸಿ ಹಂಚಬೇಕು. ರೂತಳ ಗ್ರಂಥದ ಬೋವಜನು ತನ್ನ ಆಳುಗಳಿಗೆ ಬೇಕೆಂದೇ ತೆನೆಗಳನ್ನು ಉದುರಿಸಲು ಹೇಳುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಆಕೆಯನ್ನು ಗದರಿಸಬಾರದೆಂದು ಎಚ್ಚರಿಸುತ್ತಾನೆ. ಬಿಡುವುದರ ಜೊತೆಗೇ ಕಾಯುವುದೂ ಇದೆ.

ಮಿಷ್ನಾದ ‘ಶೆಕಾಲಿಮ್’ ಪ್ರಕರಣ ಜೆರುಸಲೇಮಿನ ಮಹಾದೇವಾಲಯದಲ್ಲಿದ್ದ ಒಂದು ಕೊಠಡಿಯನ್ನು ಸ್ಮರಿಸುತ್ತದೆ. ಅದಕ್ಕೆ ‘ಗುಪ್ತರ ಕೊಠಡಿ’ ಎಂದು ಹೆಸರು. ದೈವಭೀರುಗಳು ಗುಟ್ಟಾಗಿ ಅಲ್ಲಿ ಕಾಣಿಕೆಯಿಡುತ್ತಿದ್ದರು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಬಡತನಕ್ಕೆ ಇಳಿದವರು ಗುಟ್ಟಾಗಿಯೇ ಅದರಿಂದ ಪೋಷಣೆ ಪಡೆಯುತ್ತಿದ್ದರು. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂಬ ಪರ್ವತ ಪ್ರಸಂಗದ ಬೋಧನೆಯನ್ನು ಯೇಸುಸ್ವಾಮಿ ನುಡಿದದ್ದು ಇಂಥ ಪದ್ಧತಿಗಳನ್ನು ಬಲ್ಲ ಜನರ ನಡುವೆ. ಇಂದಿನ ಕರುಣೆಯ ಗೋಡೆಗೆ ಪೂರ್ವಜನನ್ನು ಹುಡುಕುವುದಾದರೆ ಅವನು ಇಲ್ಲಿ ಸಿಗುತ್ತಾನೆ.

ಆದರೆ ಪವಿತ್ರ ಗ್ರಂಥದಲ್ಲಿ ವಸ್ತ್ರದ ಮಾತು ಬಂದಾಗ ಇನ್ನೊಂದು ಸಂಗತಿಯೂ ಎದ್ದು ಕಾಣುತ್ತದೆ. ಯೋಬನು ತನ್ನ ನೀತಿಯನ್ನು ಸಮರ್ಥಿಸಿಕೊಳ್ಳುವಾಗ ಬಡವನ ಮೈಯನ್ನು ಬೆಚ್ಚಗಿಟ್ಟದ್ದು ತನ್ನ ಸ್ವಂತ ಕುರಿಗಳ ಉಣ್ಣೆ ಎನ್ನುತ್ತಾನೆ. ಯೊಪ್ಪದ ತಬಿಥಾ ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ತಮ್ಮೊಡನೆ ಇದ್ದಾಗ ತನ್ನ ಕೈಯಾರೆ ಮಾಡಿಕೊಟ್ಟ ಅಂಗಿ ನಿಲುವಂಗಿಗಳನ್ನು. ಸ್ನಾನಿಕ ಯೊವಾನ್ನನು ಎರಡು ಅಂಗಿಯುಳ್ಳವನು ಒಂದನ್ನು ಇಲ್ಲದವನೊಡನೆ ಹಂಚಿಕೊಳ್ಳಬೇಕೆನ್ನುವಾಗ ಸವೆದುದನ್ನು ಎಂದು ಹೇಳುವುದಿಲ್ಲ. ಕುಂಟು ಕುರುಡು ಪ್ರಾಣಿಯನ್ನು ಬಲಿಗೆ ತರುವವರನ್ನು ಮಲಾಕಿಯ ಪ್ರವಾದಿ ಹಂಗಿಸುತ್ತಾನೆ: ಅದನ್ನು ನಿನ್ನ ಅಧಿಪತಿಗೆ ಕೊಟ್ಟು ನೋಡು, ಮೆಚ್ಚುತ್ತಾನೆಯೇ ಎಂದು. ಬೆತ್ತಲೆಯವನಲ್ಲಿ ಕ್ರಿಸ್ತನೇ ಇದ್ದಾನೆಂದು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ಹೇಳುವುದಾದರೆ, ಮಲಾಕಿಯನ ಪ್ರಶ್ನೆ ನಮ್ಮ ಬಟ್ಟೆಯ ಪೆಟ್ಟಿಗೆಗೂ ಅನ್ವಯಿಸುತ್ತದೆ.

2. ಸಿರ್ತಾದ ಪಟ್ಟಿ

ಆದಿ ಧರ್ಮಸಭೆಯ ವಸ್ತ್ರ ಭಂಡಾರದ ಅತ್ಯಂತ ಸ್ಪಷ್ಟವಾದ ದಾಖಲೆ ನಮಗೆ ದೊರೆಯುವುದು ಮಿತ್ರರ ಕೈಯಿಂದಲ್ಲ, ಹಿಂಸಕರ ಕೈಯಿಂದ. 303ರ ಮೇ 19ರಂದು, ಡಯೋಕ್ಲೀಷಿಯನ್ ಚಕ್ರವರ್ತಿಯ ಆಜ್ಞೆಯಂತೆ, ಉತ್ತರ ಆಫ್ರಿಕದ ಸಿರ್ತಾ ನಗರದ ಅಧಿಕಾರಿ ಮುನಾಟಿಯುಸ್ ಫೆಲಿಕ್ಸನು ಕ್ರೈಸ್ತರು ಕೂಡುತ್ತಿದ್ದ ಮನೆಯನ್ನು ಶೋಧಿಸಿದನು. ಇಂದಿನ ಅಲ್ಜೀರಿಯದ ಕಾನ್‌ಸ್ಟಾಂಟೀನ್ ನಗರವೇ ಅಂದಿನ ಸಿರ್ತಾ. ಧರ್ಮಾಧ್ಯಕ್ಷ ಪೌಲನೂ ಅವನ ಗುರುಗಳೂ ಸೇವಕರೂ ನೋಡುತ್ತಿದ್ದಂತೆ ಗುಮಾಸ್ತನು ಒಂದೊಂದನ್ನೇ ಬರೆದುಕೊಂಡನು. 2 ಚಿನ್ನದ ಪಾನಪಾತ್ರೆಗಳು, 6 ಬೆಳ್ಳಿಯ ಪಾನಪಾತ್ರೆಗಳು, ದೀಪಗಳು. ಅವುಗಳ ಬೆನ್ನಲ್ಲೇ 82 ಹೆಂಗಸರ ಅಂಗಿಗಳು, 38 ಮುಸುಕುವಸ್ತ್ರಗಳು, 16 ಗಂಡಸರ ಅಂಗಿಗಳು, 13 ಜೊತೆ ಗಂಡಸರ ಪಾದರಕ್ಷೆಗಳು, 47 ಜೊತೆ ಹೆಂಗಸರ ಪಾದರಕ್ಷೆಗಳು. ಊಟದ ಕೋಣೆಯಲ್ಲಿ ದೊಡ್ಡ ಮಡಕೆಗಳೂ ಗುಡಾಣಗಳೂ ಇದ್ದವು. ಗ್ರಂಥಭಂಡಾರದ ಕಪಾಟುಗಳು ಬರಿದಾಗಿದ್ದವು.

ಈ ಬಟ್ಟೆಗಳು ಬಡವರಿಗೆಂದು ಕೂಡಿಟ್ಟವು ಎಂಬುದು ಇತಿಹಾಸಕಾರರಲ್ಲಿ ಅನೇಕರ ಅಭಿಪ್ರಾಯ. ಹೆಂಗಸರ ಅಂಗಿಗಳು ಗಂಡಸರ ಅಂಗಿಗಳಿಗಿಂತ ಐದು ಪಟ್ಟು ಹೆಚ್ಚಾಗಿರುವುದು ವಿಧವೆಯರ ಪಾಲನೆಯತ್ತ ಬೆರಳು ಮಾಡುತ್ತದೆ. ತಬಿಥಾಳ ಕೋಣೆಯಿಂದ ಸಿರ್ತಾದ ಭಂಡಾರದವರೆಗೆ ಒಂದೇ ನೂಲು ಹಾಯ್ದುಬಂದಿದೆ. ಪಾನಪಾತ್ರೆಗಳಿದ್ದ ಮನೆಯಲ್ಲಿಯೇ ಪಾದರಕ್ಷೆಗಳೂ ಇದ್ದವು ಎಂಬುದನ್ನು ಬಲಿಪೂಜೆಯ ದೈವಶಾಸ್ತ್ರ ಓದುವವರು ಗಮನಿಸಬೇಕು. ಅಂದಿನವರಿಗೆ ಅದು ಬೇರೆ ಬೇರೆ ಇಲಾಖೆಯಾಗಿರಲಿಲ್ಲ. ಶತಮಾನ ಮುಗಿಯುವ ಮುನ್ನ ಸಂತ ಯೊವಾನ್ನ ಕ್ರಿಸೊಸ್ತೋಮನು ಮತ್ತಾಯನ ಮೇಲಣ ತನ್ನ 50ನೆಯ ಪ್ರಬೋಧನೆಯಲ್ಲಿ, ಪೀಠಕ್ಕೆ ರೇಷ್ಮೆ ಹೊದಿಸಿ ಹೊರಗೆ ಚಳಿಗೆ ನಡುಗುವ ಕ್ರಿಸ್ತನನ್ನು ಕಡೆಗಣಿಸಬಾರದೆಂದು ಬೋಧಿಸಿದ್ದು ಈ ಒಂದುತನ ಸಡಿಲಗೊಳ್ಳುತ್ತಿದ್ದುದರಿಂದ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ನಿಲುವಂಗಿ ಬೆತ್ತಲೆಯವನದೇ ಎಂದು ಕೈಸರಿಯದ ಸಂತ ಬಾಸಿಲನು ಹೇಳಿದ್ದೂ ಆ ಕಾಲದಲ್ಲಿಯೇ.

ಆದರೆ ಸಿರ್ತಾದ ದಾಖಲೆಗೆ ಕಹಿಯಾದ ಮುಂದಿನ ಕತೆಯಿದೆ. ಈ ಪಟ್ಟಿ ನಮಗೆ ಉಳಿದುಬಂದದ್ದು 320ರಲ್ಲಿ ಜೆನೊಫಿಲುಸ್ ಎಂಬ ಅಧಿಕಾರಿಯ ಮುಂದೆ ನಡೆದ ವಿಚಾರಣೆಯ ಕಡತದಲ್ಲಿ. ಆ ವಿಚಾರಣೆಯ ಹೊತ್ತಿಗೆ ಸಿರ್ತಾದ ಧರ್ಮಾಧ್ಯಕ್ಷನಾಗಿದ್ದವನು ಸಿಲ್ವಾನುಸ್. ಅಂದಿನ ಶೋಧದ ದಿನ ಬೆಳ್ಳಿಯ ವಸ್ತುಗಳನ್ನು ಅಧಿಕಾರಿಗೆ ಒಪ್ಪಿಸಿದವರಲ್ಲಿ ಅವನೂ ಒಬ್ಬ. ಲುಸಿಲ್ಲಾ ಎಂಬ ಶ್ರೀಮಂತ ಮಹಿಳೆ ಕೊಟ್ಟ 400 ಚೀಲ ಹಣವನ್ನು ಧರ್ಮಾಧ್ಯಕ್ಷರು ತಮ್ಮೊಳಗೆ ಹಂಚಿಕೊಂಡರೆಂದೂ ಬಡವರ ಕೈಗೆ ಅದರಿಂದ ಏನೂ ಸೇರಲಿಲ್ಲವೆಂದೂ ಸಾಕ್ಷಿಗಳು ನುಡಿದರು. ಬಡವರಿಗಾಗಿ ಕೂಡಿಟ್ಟ ಅಂಗಿಗಳ ಎಣಿಕೆ ಮತ್ತು ಬಡವರ ಹೆಸರಿನಲ್ಲಿ ಬಂದ ಹಣದ ಅಪಹಾರ, ಎರಡೂ ಒಂದೇ ಕಡತದಲ್ಲಿವೆ. ಭಂಡಾರಕ್ಕೆ ಕಾವಲುಗಾರ ಬೇಕು. ಕಾವಲುಗಾರನ ಮೇಲೂ ಲೆಕ್ಕದ ಕಣ್ಣು ಬೇಕು.

3. ಮಠದ ವಸ್ತ್ರಾಗಾರ ಮತ್ತು ಬಡವರ ಪಟ್ಟಿ

ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ 55ನೆಯ ಅಧ್ಯಾಯ ಸನ್ಯಾಸಿಗಳ ಉಡುಪಿಗೆ ಮೀಸಲಾಗಿದೆ. ಹೊಸ ಉಡುಪನ್ನು ಪಡೆದವನು ಹಳೆಯದನ್ನು ಆಗಲೇ ಹಿಂದಿರುಗಿಸಬೇಕು. ಬಡವರಿಗಾಗಿ ಅದನ್ನು ವಸ್ತ್ರಾಗಾರದಲ್ಲಿ ಇರಿಸಬೇಕು ಎಂದು ಅದು ವಿಧಿಸುತ್ತದೆ. ಹಳೆಯ ಬಟ್ಟೆಯ ದಾನಕ್ಕೆ ಕ್ರೈಸ್ತ ಪರಂಪರೆಯಲ್ಲಿ ಇಷ್ಟು ಸರಳವಾದ ಸಂವಿಧಾನ ಮತ್ತೊಂದಿಲ್ಲ. ಅದರ ಬಲ ಎರಡು ಕಡೆ ಇದೆ. ಸನ್ಯಾಸಿ ತಾನು ನಿನ್ನೆಯವರೆಗೆ ತೊಟ್ಟದ್ದನ್ನೇ ಬಿಡುತ್ತಾನೆ. ತೊಡಲಾಗದೆ ಮೂಲೆಗೆ ಎಸೆದುದನ್ನಲ್ಲ. ಮತ್ತು ಅದನ್ನು ನೋಡಿಕೊಳ್ಳಲು ಮಠದಲ್ಲಿ ಹೊಣೆಗಾರನಿದ್ದಾನೆ. ಅದೇ ಅಧ್ಯಾಯದಲ್ಲಿ ಪ್ರಯಾಣಕ್ಕೆ ಹೋಗುವವರು ವಸ್ತ್ರಾಗಾರದಿಂದ ಒಳಉಡುಪನ್ನು ಪಡೆದು, ಮರಳಿದ ಮೇಲೆ ಒಗೆದು ಒಪ್ಪಿಸಬೇಕೆಂಬ ಮಾತೂ ಇದೆ. ಒಗೆದು ಎಂಬ ಆ ಒಂದು ಪದದಲ್ಲಿ ಮುಂದಿನವನ ಮೇಲಣ ಗೌರವ ಅಡಗಿದೆ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಪರಂಪರೆ ಬೆಳೆಯಿತು. ಅದು ಪಟ್ಟಿಯ ಪರಂಪರೆ. ಗಾಲ್ ಸೀಮೆಯ ಧರ್ಮಕೇಂದ್ರಗಳು ತಾವು ಪೋಷಿಸುವ ಬಡವರ ಹೆಸರುಗಳನ್ನು ‘ಮಾತ್ರಿಕುಲ’ ಎಂಬ ಯಾದಿಯಲ್ಲಿ ಬರೆದಿಡುತ್ತಿದ್ದವು. ವಿಶ್ವಗುರು ಮಹಾ ಗ್ರೆಗೋರಿಯವರ ಕಾಲದ ರೋಮಿನಲ್ಲಿ ನೆರವು ಪಡೆಯುತ್ತಿದ್ದವರ ಹೆಸರುಗಳಿದ್ದ ದೊಡ್ಡದೊಂದು ಪುಸ್ತಕವನ್ನು ಅವರ ಚರಿತ್ರೆ ಬರೆದ ಡೀಕನ್ ಯೊವಾನ್ನನು ಒಂಬತ್ತನೆಯ ಶತಮಾನದಲ್ಲಿಯೂ ಸ್ಮರಿಸುತ್ತಾನೆ. ಪಟ್ಟಿಯಲ್ಲಿ ಪ್ರೀತಿಯಿತ್ತು. ಹೆಸರು ಗೊತ್ತಿದ್ದರೆ ಮಾತ್ರ ಒಬ್ಬನು ಬಾರದ ದಿನ ಅವನೇಕೆ ಬರಲಿಲ್ಲ ಎಂದು ಕೇಳಲು ಸಾಧ್ಯ.

ಆದರೆ ಪಟ್ಟಿ ಪ್ರೀತಿಯನ್ನು ಕಳೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೂ ಚರಿತ್ರೆ ಸಾಕ್ಷಿ. 1697ರ ಇಂಗ್ಲಿಷ್ ಶಾಸನವೊಂದು ಧರ್ಮಕೇಂದ್ರದ ನೆರವು ಪಡೆಯುವ ಬಡವರೆಲ್ಲರೂ, ಅವರ ಹೆಂಡತಿ ಮಕ್ಕಳೂ, ಮೇಲುಡುಪಿನ ಬಲ ತೋಳಿನ ಮೇಲೆ ಬಟ್ಟೆಯ ಬಿಲ್ಲೆಯೊಂದನ್ನು ಧರಿಸಬೇಕೆಂದು ಆಜ್ಞಾಪಿಸಿತು. ಅದರಲ್ಲಿ ಬಡವನೆಂಬುದರ ಮೊದಲ ಅಕ್ಷರವೂ ಊರಿನ ಮೊದಲ ಅಕ್ಷರವೂ ಇರಬೇಕಾಗಿತ್ತು. ಈ ನಿಯಮ ರದ್ದಾದದ್ದು 1810ರಲ್ಲಿ. ಮಾನ ಮುಚ್ಚಬೇಕಾದ ಬಟ್ಟೆ ಮಾನ ಕಳೆಯುವ ಗುರುತಾಯಿತು. ಪೆಟ್ಟಿಗೆಯ ಮುಂದೆ ಬಡವನನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಯುವ ಇಂದಿನ ಅಭ್ಯಾಸ ಆ ಬಿಲ್ಲೆಯ ಮೊಮ್ಮಗು.

4. ನಮ್ಮ ನೆಲದಲ್ಲಿ ಹಳೆಯ ಬಟ್ಟೆ

ಇಲ್ಲಿಯವರೆಗಿನ ಚರಿತ್ರೆಯನ್ನು ಹಾಗೆಯೇ ತಂದು ಕೊಪ್ಪಳದ ಅಥವಾ ಗಂಗಾವತಿಯ ಬೀದಿಯಲ್ಲಿ ಇಡಲಾಗದು. ಏಕೆಂದರೆ ನಮ್ಮಲ್ಲಿ ಹಳೆಯ ಬಟ್ಟೆ ಮುಗ್ಧವಾದ ವಸ್ತುವಲ್ಲ. ಮನುಸ್ಮೃತಿಯ 10ನೆಯ ಅಧ್ಯಾಯ ಸೇವೆ ಮಾಡುವ ಶೂದ್ರನಿಗೆ ಉಳಿದ ಅನ್ನವನ್ನೂ ಹಳೆಯ ಬಟ್ಟೆಯನ್ನೂ ಕೊಡಬೇಕೆಂದು ವಿಧಿಸುತ್ತದೆ. ಹಳ್ಳಿಯ ಬಿಟ್ಟಿ ಚಾಕರಿಯ ವ್ಯವಸ್ಥೆಯಲ್ಲಿ ಧಣಿಯ ಹಳೆಯ ಧೋತರ, ಒಡತಿಯ ಹಳೆಯ ಸೀರೆ ದಲಿತರ ಕೇರಿಗೆ ಇಳಿದುಬರುತ್ತಿದ್ದವು. ಅದು ದಾನವೆನಿಸಿಕೊಂಡರೂ ಅದರೊಡನೆ ಸ್ಥಾನವೊಂದು ಅಂಟಿಕೊಂಡು ಬರುತ್ತಿತ್ತು: ನೀನು ಕೆಳಗಿನವನು ಎಂಬ ಸ್ಥಾನ. ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, 1859ರ ರಾಜಾಜ್ಞೆಯಿಂದ ಅದನ್ನು ಪಡೆದರು. ಆಗಲೂ ಮೇಲ್ಜಾತಿಯವರಂತೆ ಉಡಬಾರದೆಂಬ ಕಟ್ಟು ಉಳಿದೇ ಇತ್ತು. ಆ ಹೋರಾಟದಲ್ಲಿ ಕ್ರೈಸ್ತ ಸ್ತ್ರೀಯರೂ ಮಿಷನರಿಗಳೂ ಇದ್ದರು.

1927ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಡಾ. ಅಂಬೇಡ್ಕರರು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದೇ ಸಂದರ್ಭದಲ್ಲಿ ಅಲ್ಲಿ ನೆರೆದಿದ್ದ ಸ್ತ್ರೀಯರನ್ನು ಉದ್ದೇಶಿಸಿ, ಅಸ್ಪೃಶ್ಯತೆಯ ಗುರುತಾಗಿರುವ ಉಡುಗೆಯ ರೀತಿಯನ್ನು ಬಿಡಬೇಕೆಂದೂ ಬಟ್ಟೆಗೆ ತೇಪೆಯಿದ್ದರೂ ಅದು ಶುಭ್ರವಾಗಿರಬೇಕೆಂದೂ ಕರೆಕೊಟ್ಟರು. ಶಾಸ್ತ್ರವನ್ನು ಸುಡುವುದಕ್ಕೂ ಸೀರೆಯ ರೀತಿಯನ್ನು ಬದಲಿಸುವುದಕ್ಕೂ ಅವರು ಕಂಡ ಸಂಬಂಧವನ್ನು ನಮ್ಮ ಪಾಲನಾ ದೈವಶಾಸ್ತ್ರ ಇನ್ನೂ ಸರಿಯಾಗಿ ಮನಗಂಡಂತಿಲ್ಲ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಗುಡಿಯೊಳಗೆ ಹೆಜ್ಜೆಯಿಟ್ಟಿತೆಂದು ಕುಟುಂಬಕ್ಕೆ 25,000 ರೂಪಾಯಿ ದಂಡ ಹಾಕಿದ ಸಂಗತಿ ನಾಡಿಗೆಲ್ಲ ತಿಳಿದದ್ದೇ. ಮುಟ್ಟು ಮೈಲಿಗೆಗಳ ಲೆಕ್ಕ ಇನ್ನೂ ಮುಗಿಯದ ನೆಲದಲ್ಲಿ ಒಬ್ಬರು ತೊಟ್ಟ ಬಟ್ಟೆಯನ್ನು ಇನ್ನೊಬ್ಬರು ತೊಡುವುದೆಂದರೇನು? ಬಟ್ಟೆ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುತ್ತದೆ ಎಂದು ಕೇಳದೆ ಗೋಡೆ ಕಟ್ಟುವುದು ಸಾಧ್ಯವಿಲ್ಲ.

ಇದೇ ನೆಲದಲ್ಲಿ ಬೇರೆ ನೆನಪುಗಳೂ ಇವೆ. ಸವೆದ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿ ಉತ್ತರ ಕರ್ನಾಟಕದ ಪ್ರತಿ ಮನೆಯ ಆಸ್ತಿ. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುವಾಗ ಹಳೆಯ ಬಟ್ಟೆಯಲ್ಲಿ ಅವಮಾನವಿಲ್ಲ, ಬಾಂಧವ್ಯವಿದೆ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ವ್ಯಾಪಾರಿಯೂ ನಮ್ಮ ಓಣಿಗಳಿಗೆ ಬರುತ್ತಾನೆ. ಅವನ ಮುಂದೆ ಒಂದು ಸೀರೆಗೆ ಚೌಕಾಶಿ ಮಾಡುವ ನಾವು, ಅವನು ಬೇಡವೆಂದುದನ್ನು ದಾನಕ್ಕೆ ಎತ್ತಿಡುವುದೂ ಉಂಟು. ಕಲ್ಯಾಣ ಸೀಮೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯನ ಐತಿಹ್ಯ ಇದಕ್ಕೆ ತದ್ವಿರುದ್ಧ. ಬಹುಕಾಲ ಶ್ರಮಿಸಿ ನೇಯ್ದ ಹೊಚ್ಚ ಹೊಸ ವಸ್ತ್ರವನ್ನು ಅವನು ಮುದಿ ಜಂಗಮನೊಬ್ಬನಿಗೆ ಕೊಡುತ್ತಾನೆ. ಜಂಗಮನು ಅದನ್ನು ಕಣ್ಣೆದುರಿಗೇ ಹರಿದರೂ ದಾಸಿಮಯ್ಯನು ಬೇಸರಿಸುವುದಿಲ್ಲ. ಕೊಟ್ಟ ಮೇಲೆ ಅದು ಪಡೆದವನದು ಎಂಬುದೇ ಆ ಕತೆಯ ತಿರುಳು.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ಮನೆಮನೆಯಿಂದ ಜೋಳದ ರೊಟ್ಟಿ ಬರುತ್ತದೆ. ಬೆಟ್ಟದಂತೆ ಒಟ್ಟಿದ ರೊಟ್ಟಿಗಳಲ್ಲಿ ಯಾವುದು ಯಾರ ಮನೆಯದೆಂದು ಪಂಕ್ತಿಯಲ್ಲಿ ಕುಳಿತವರಿಗೆ ತಿಳಿಯದು. ಕೊಡುವವರು ಮರೆಯಾಗುವ ತಾಣವೆಂದರೆ ಅದೂ ಹೌದು. ಆದರೆ ದಾಸೋಹಕ್ಕೆಂದೇ ಬಡಿದ ರೊಟ್ಟಿ ಅದು. ಮನೆಯವರು ತಿಂದು ಬಿಟ್ಟದ್ದಲ್ಲ. ಕೊಟ್ಟ ಹಳ್ಳಿಯವರೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ರೊಟ್ಟಿಯ ವಿಷಯದಲ್ಲಿ ನೆರೆಹೊರೆಯ ಜನ ಸಹಜವಾಗಿ ಪಾಲಿಸುವ ಈ ಎರಡು ಮರ್ಯಾದೆಗಳು ಬಟ್ಟೆಯ ವಿಷಯದಲ್ಲಿ ನಮಗೇಕೆ ಕಷ್ಟವಾಗಬೇಕು?

5. ಮಗ್ಗದ ಪ್ರಶ್ನೆ

ಕರಾವಳಿಯ ಮಂಗಳೂರು ಈ ಚರಿತ್ರೆಗೆ ಇನ್ನೊಂದು ಪಾಠ ಕೊಡುತ್ತದೆ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಬೇಗನೆ ಒಂದು ಕಷ್ಟವನ್ನು ಎದುರಿಸಿದರು. ದೀಕ್ಷಾಸ್ನಾನ ಪಡೆದವರು ಜಾತಿಯನ್ನು ಕಳೆದುಕೊಂಡರು. ಜಾತಿಯೊಡನೆ ಕಸುಬು, ಮನೆ, ಸಾಲದ ಮೂಲ ಎಲ್ಲವನ್ನೂ ಕಳೆದುಕೊಂಡರು. ಅವರಿಗೆ ಎಷ್ಟು ದಿನ ಅನ್ನ ಬಟ್ಟೆ ಹಂಚುವುದು? 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲ ಮಿಷನರಿ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆಯ ಹೊಣೆ ಹೊತ್ತರು. ಖಾಕಿ ಬಣ್ಣದ ಬಟ್ಟೆಯನ್ನು ಮೊದಲು ಮಾಡಿದ್ದು ಅಲ್ಲಿಯೇ ಎಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕಾರ್ಖಾನೆಯ ಶಿಸ್ತಿನ ಬಗ್ಗೆ, ಮಿಷನ್ನಿನ ಮೇಲಣ ಅವಲಂಬನೆಯ ಬಗ್ಗೆ ಆಕ್ಷೇಪಗಳು ಇರಬಹುದು. ಆದರೂ ಬಟ್ಟೆ ಹಂಚುವ ಕೈಯಿಂದ ಬಟ್ಟೆ ನೇಯುವ ಕೈಗೆ ಗಮನ ಹೊರಳಿದ್ದು ದೊಡ್ಡ ತಿರುವು. ಪ್ರಾಟೆಸ್ಟಂಟ್ ಸೋದರರ ಈ ಅನುಭವವನ್ನು ನಾವು ನಮ್ಮ ಸಾಮಾನ್ಯ ಪಿತ್ರಾರ್ಜಿತವೆಂದು ಎಣಿಸಬೇಕು. ಅದೇ ಮಿಷನ್ ಕೊಪ್ಪಳ ಸೀಮೆಯ ನೆರೆಯ ನೇಕಾರರ ಊರುಗಳಾದ ಬೆಟಗೇರಿಯಲ್ಲಿಯೂ ಗುಳೇದಗುಡ್ಡದಲ್ಲಿಯೂ ನೆಲೆಯೂರಿತ್ತು.

1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಬಳ್ಳಾರಿ, ರಾಯಚೂರು, ಧಾರವಾಡಗಳನ್ನು ಕಿತ್ತು ತಿಂದಿತು. ಕೊಪ್ಪಳ ಆಗ ನಿಜಾಮ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. ಅನ್ನವಿಲ್ಲದವನು ಮೊದಲು ಮಾರುವುದು ಪಾತ್ರೆ, ಆಮೇಲೆ ಬಟ್ಟೆ. ಬಟ್ಟೆ ಕೊಳ್ಳುವವರಿಲ್ಲದಾಗ ನೇಕಾರನೇ ಮೊದಲು ಉಪವಾಸ ಬೀಳುತ್ತಾನೆ. ಈ ಕಾರಣದಿಂದ ಆ ಬರದಲ್ಲಿಯೂ ಅನಂತರದ ಬರಗಳಲ್ಲಿಯೂ ದಕ್ಷಿಣದ ಕೆಲವು ಕಡೆ ನೇಕಾರರಿಗೆ ನೂಲನ್ನು ಮುಂಗಡವಾಗಿ ಕೊಟ್ಟು, ಅವರು ನೇಯ್ದುದನ್ನು ಕೊಂಡುಕೊಳ್ಳುವ ಪರಿಹಾರ ಕ್ರಮವನ್ನು ಅನುಸರಿಸಲಾಯಿತು. ಕಲ್ಲು ಒಡೆಯುವ ಕಾಮಗಾರಿಗೆ ನೇಕಾರನ ಕೈಯನ್ನು ತಳ್ಳಿದರೆ ಅವನ ಕಸುಬೇ ಹೋಗುತ್ತದೆ ಎಂಬ ವಿವೇಕ ಅದರ ಹಿಂದೆ ಇತ್ತು. ಒಬ್ಬ ಬಡವನ ಮಗ್ಗದಿಂದ ಇನ್ನೊಬ್ಬ ಬಡವನ ಮೈಗೆ ಹೊಸ ಬಟ್ಟೆ ಸೇರುವ ಈ ದಾರಿ ಇಂದೂ ಮುಚ್ಚಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಕುರಿತ ಆಜ್ಞಾಪತ್ರದ 8ನೆಯ ಪರಿಚ್ಛೇದ ಈ ವಿಷಯವನ್ನು ನೇರವಾಗಿ ಮುಟ್ಟುತ್ತದೆ. ನೆರವು ಪಡೆಯುವವರ ಸ್ವಾತಂತ್ರ್ಯವನ್ನೂ ಘನತೆಯನ್ನೂ ಅತ್ಯಂತ ಎಚ್ಚರದಿಂದ ಗೌರವಿಸಬೇಕು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದು. ಕೆಡುಕಿನ ಪರಿಣಾಮವನ್ನಷ್ಟೇ ಅಲ್ಲ, ಕಾರಣವನ್ನೂ ತೆಗೆಯಬೇಕು. ಧಣಿಯ ಮನೆಯ ಕೂಲಿಯಾಳಿಗೆ ತಕ್ಕ ಕೂಲಿ ಕೊಡದೆ ಹಬ್ಬಕ್ಕೆ ಹಳೆಯ ಸೀರೆ ಕೊಡುವವನಿಗೆ ಈ ಪರಿಚ್ಛೇದದಲ್ಲಿ ಉತ್ತರವಿದೆ.

6. ಗೋಡೆಯ ಬಳಿ ನಿಲ್ಲಬೇಕಾದವರು

ಕಾವಲಿಲ್ಲದ ದಾನ ಏನಾಗುತ್ತದೆ ಎಂಬುದನ್ನು ನಮ್ಮ ಕಾಲವೇ ನೋಡಿದೆ. 2004ರ ಸುನಾಮಿಯ ಬಳಿಕ ತಮಿಳುನಾಡಿನ ನಾಗಪಟ್ಟಣದ ರಸ್ತೆಗಳಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಹಳೆಯ ಬಟ್ಟೆಗಳು ರಾಶಿರಾಶಿಯಾಗಿ ಬಿದ್ದು ಮಣ್ಣುಪಾಲಾದವು. ಎಲ್ಲವನ್ನೂ ಕಳೆದುಕೊಂಡಿದ್ದ ಬೆಸ್ತರು ಇನ್ನೊಬ್ಬರು ತೊಟ್ಟು ಬಿಟ್ಟ ಬಟ್ಟೆಯನ್ನು ಮುಟ್ಟಲು ಒಪ್ಪಲಿಲ್ಲ. ಅವರನ್ನು ಕೃತಘ್ನರೆಂದವರೂ ಉಂಟು. ಚರಿತ್ರೆ ಬಲ್ಲವರಿಗೆ ಅದು ಕೃತಘ್ನತೆಯಾಗಿ ಕಾಣದು. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ ‘ಗೂಂಜ್’ ಸಂಸ್ಥೆ ಈ ಗಾಯವನ್ನು ಅರಿತೇ ಬೇರೆ ದಾರಿ ಹಿಡಿಯಿತು. ಬಂದ ಬಟ್ಟೆಯನ್ನು ವಿಂಗಡಿಸಿ, ಸರಿಪಡಿಸಿ, ಹಳ್ಳಿಯವರು ತಮ್ಮ ಊರಿಗಾಗಿ ತಾವೇ ಆರಿಸಿಕೊಂಡು ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಅದನ್ನು ಕೊಡುವ ಕ್ರಮ ಅದರದು. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಹೀಗೆ ಚರಿತ್ರೆ ನಮ್ಮ ಮುಂದೆ ಎರಡು ದಾರಿಗಳನ್ನು ಇಟ್ಟಿದೆ. ಹೊಲದ ಅಂಚಿನ ದಾರಿಯಲ್ಲಿ ಕೊಡುವವನು ಮರೆಯಾಗುತ್ತಾನೆ. ತಬಿಥಾಳ ದಾರಿಯಲ್ಲಿ ಪಡೆಯುವವನ ಮುಖ ಕಾಣುತ್ತದೆ. ಮೊದಲನೆಯದು ಕೆಟ್ಟಾಗ ಕಸದ ರಾಶಿಯಾಗುತ್ತದೆ. ಎರಡನೆಯದು ಕೆಟ್ಟಾಗ ತೋಳಿನ ಬಿಲ್ಲೆಯಾಗುತ್ತದೆ. ಕರುಣೆಯ ಗೋಡೆ ಮೊದಲನೆಯ ದಾರಿಯ ಸತ್ಯವನ್ನು ಮರಳಿ ತಂದಿದೆ. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಗೋಡೆಗೆ ಯಾರ ಹೆಸರೂ ಗೊತ್ತಿಲ್ಲ. ಮೂರು ದಿನ ಬಾರದ ಮುದುಕಿಯನ್ನು ಅದು ವಿಚಾರಿಸಲಾರದು. ಕೊಡುವವನು ಮರೆಯಾಗಲಿ, ಪಡೆಯುವವನು ಮರೆತುಹೋಗದಿರಲಿ ಎಂಬ ಎರಡನ್ನೂ ಒಟ್ಟಿಗೆ ಸಾಧಿಸುವುದು ಧರ್ಮಕೇಂದ್ರದಂಥ ಜೀವಂತ ಸಮುದಾಯಕ್ಕೆ ಮಾತ್ರ ಸಾಧ್ಯ.

ಇದರಿಂದ ಕೆಲವು ಕರ್ತವ್ಯಗಳು ಒದಗುತ್ತವೆ. ಬೆನೆಡಿಕ್ಟರ ವಸ್ತ್ರಾಗಾರದಂತೆ ಬಟ್ಟೆ ಒಗೆದು, ಗುಂಡಿ ಹೊಲಿದು, ಅಳತೆಗೆ ತಕ್ಕಂತೆ ಮಡಿಸಿ ಬರಬೇಕು. ನಾಳೆ ನಾವೇ ತೊಡಬಲ್ಲುದು ಮಾತ್ರ ಬರಬೇಕು. ತಾಣಕ್ಕೆ ಹೊಣೆಗಾರರಿರಬೇಕು, ಅವರಲ್ಲಿ ಅದೇ ತಾಣದಿಂದ ಬಟ್ಟೆ ಪಡೆಯುವವರೂ ಇರಬೇಕು. ಸಿರ್ತಾದ ನೆನಪಿನಿಂದ ವರ್ಷಕ್ಕೊಮ್ಮೆ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದೆ ಲೆಕ್ಕ ಒಪ್ಪಿಸಬೇಕು. ತೆಗೆದುಕೊಳ್ಳುವವರ ಚಿತ್ರ ತೆಗೆಯಬಾರದು. ಊರಿನ ಒಂದು ಕೇರಿ ಯಾವಾಗಲೂ ಕೊಡುವ, ಇನ್ನೊಂದು ಕೇರಿ ಯಾವಾಗಲೂ ಪಡೆಯುವ ಸ್ಥಳದಲ್ಲಿ ತಾಣವನ್ನು ಇಡಬಾರದು. ಕೊನೆಯದಾಗಿ, ಹಳೆಯ ಬಟ್ಟೆಯ ಜೊತೆಗೆ ಹತ್ತಿರದ ಮಗ್ಗದಿಂದ ನ್ಯಾಯವಾದ ಬೆಲೆಗೆ ಕೊಂಡ ಹೊಸ ಬಟ್ಟೆಯ ಪಾಲೂ ಅಲ್ಲಿರಬೇಕು. ಅರವತ್ತರಲ್ಲಿ ಒಂದು ಭಾಗದಿಂದ ಆರಂಭಿಸಿದರೂ ಸಾಕು.

2017ರಿಂದ ಧರ್ಮಸಭೆ ಪ್ರತಿ ನವೆಂಬರಿನಲ್ಲಿ ಬಡವರ ವಿಶ್ವ ದಿನವನ್ನು ಆಚರಿಸುತ್ತಿದೆ. ಆ ಭಾನುವಾರಕ್ಕೆಂದು ಬಟ್ಟೆ ಕೂಡಿಸುವ ಧರ್ಮಕೇಂದ್ರಗಳು ಅನೇಕ. ದೀಕ್ಷಾಸ್ನಾನದ ದಿನ ಪ್ರತಿ ಮಗುವಿಗೂ ನಾವು ಶುಭ್ರವಾದ ಬಿಳಿಯ ವಸ್ತ್ರವನ್ನು ತೊಡಿಸಿ, ಕ್ರಿಸ್ತನನ್ನು ತೊಟ್ಟುಕೊಂಡಿದ್ದೀಯೆ ಎಂದು ಸಾರುತ್ತೇವೆ. ಯಾವ ಗುರುವೂ ಆ ಹೊತ್ತಿನಲ್ಲಿ ಮಾಸಿದ ಬಟ್ಟೆಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದಿಯಲ್ಲಿ ತೋಟದಿಂದ ಹೊರಡುವ ಆದಾಮ ಏವೆಯರಿಗೆ ದೇವರೇ ಉಡುಪು ಮಾಡಿ ತೊಡಿಸಿದರೆಂದು ಆದಿಕಾಂಡ ಹೇಳುತ್ತದೆ. ತಪ್ಪಿತಸ್ಥರಿಗೂ ದೇವರು ಹೊಸದನ್ನೇ ಮಾಡಿಕೊಟ್ಟರು. ಮುಂದಿನ ನವೆಂಬರಿನ ಪೆಟ್ಟಿಗೆಯನ್ನು ಬಾಗಿಲಲ್ಲಿ ಇರಿಸುವ ಮುನ್ನ, ಅದನ್ನು ಕಾಯುವವರು ಯಾರು, ಅದರಿಂದ ತೆಗೆದುಕೊಳ್ಳುವವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಧರ್ಮಕೇಂದ್ರವೂ ಕೇಳಿಕೊಳ್ಳಲಿ.